ಅರ್ಜೆಂಟೀನಾದ ಗ್ರಿಲ್ ಹೋಟೆಲಲ್ಲಿ ದನದ ಮಾಂಸ ಬಿಟ್ಟು ಏನು ತಿನ್ನಬಹುದು?

ಮಾಚೇನಹಳ್ಳಿ ಮೌಲ್ಡರ್

ನಮಸ್ಕಾರ. ನಾನು ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಮೌಲ್ಡಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ಮುಂದಿನ ತಿಂಗಳು ಕಂಪನಿಯವರು ಅರ್ಜೆಂಟೀನಾದ ಕೊರ್ದೊಬಾಕ್ಕೆ ಕಳಿಸುತ್ತಿದ್ದಾರೆ. ಅಲ್ಲಿ ಫಿಯೆಟ್, ರೆನೋ, ಫೋಕ್ಸ್‌ವ್ಯಾಗನ್ ಕಾರ್ಖಾನೆಗಳಿವೆ. ಅವುಗಳ ಸುತ್ತ ಬಿಡಿಭಾಗ ಮಾಡುವವರೂ ಇದ್ದಾರೆ. ಅಂಥ ಒಬ್ಬರ ಜೊತೆ ನಮ್ಮ ಎರಕದ ಮಾತುಕತೆ. ಕೆಲಸದ ಬಗ್ಗೆ ಹೆದರಿಕೆ ಇಲ್ಲ. ಇರುವುದು ಊಟದ ಬಗ್ಗೆ.

ಮೊದಲ ರಾತ್ರಿಯೇ ನಮ್ಮನ್ನು ಪರ್ರೀಶಾಗೆ, ಅಂದರೆ ಅವರ ಕೆಂಡದ ಗ್ರಿಲ್ ಹೋಟೆಲಿಗೆ, ಕರೆದುಕೊಂಡು ಹೋಗುತ್ತಾರಂತೆ. ಪಾಪ, ಪ್ರೀತಿಯಿಂದ ಮೆನು ಕೂಡ ಕಳಿಸಿದ್ದಾರೆ. ಫೋನಿಗೆ ಹಾಕಿ ಓದಿಸಿದೆ. ಮುಕ್ಕಾಲು ಭಾಗ ದನ. ಪಕ್ಕೆ, ಸೊಂಟ, ಹೊಟ್ಟೆ, ಕರುಳು, ಕಿಡ್ನಿ, ಒಂದನ್ನೂ ಬಿಟ್ಟಿಲ್ಲ.

ನಾನು ಆಡು, ಕುರಿ, ಕೋಳಿ, ಮೀನು, ಹಂದಿ ಎಲ್ಲ ತಿನ್ನುತ್ತೇನೆ. ದನ ಮಾತ್ರ ಇಲ್ಲ. ಜೊತೆಗೆ ಬರುವ ಕ್ವಾಲಿಟಿ ಮ್ಯಾನೇಜರ್ ಮೊಟ್ಟೆಯನ್ನೂ ಮುಟ್ಟದವರು. ಕರೆದವರ ಮನಸ್ಸು ನೋಯಬಾರದು, ನಮ್ಮ ಹೊಟ್ಟೆಯೂ ತುಂಬಬೇಕು. ಏನು ಮಾಡುವುದು? ಮೇಲಿನವರನ್ನು ಕೇಳಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಾರೆ. ಅಷ್ಟು ಹೇಳೋಕೆ ಅವರೇ ಬೇಕಿತ್ತಾ?

ಇನ್ನೊಂದು ವಿಷಯ. ಫೋಟೋದಲ್ಲಿ ಗ್ರಿಲ್ ಪಕ್ಕ ಒಂದು ಚಕ್ರ, ಸರಪಳಿ ಕಾಣುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ? ದಿನಾ ಬೆಂಕಿ ಜೊತೆ ಬದುಕುವವನು ನಾನು, ಊಟಕ್ಕಿಂತ ಅದರ ಮೇಲೇ ಕಣ್ಣು.

ಆಗುಂಬೆ ಮಳೆ

ಖಾರದ ಪುಡಿ ಕಟ್ಟಿಕೊಂಡು ಹೋಗಿ ಮಾರಾಯ್ರೆ. ನಮ್ಮ ಭಾವ ಹಡಗಿನಲ್ಲಿ ಇದ್ದಾಗ ಬ್ಯೂನಸ್ ಐರಿಸ್‌ನಲ್ಲಿ ಇಳಿದು ತಿಂದು ಬಂದಿದ್ದರು. ಮಾಂಸಕ್ಕೆ ಉಪ್ಪು ಬಿಟ್ಟರೆ ಬೇರೆ ಎಂತದೂ ಹಾಕುವುದಿಲ್ಲವಂತೆ. ಶುಂಠಿ ಇಲ್ಲ, ಮೆಣಸಿಲ್ಲ, ಧನಿಯಾ ಇಲ್ಲ. "ಅಷ್ಟು ಒಳ್ಳೆ ಮಾಂಸ, ಒಂದು ಚಮಚ ಮಸಾಲೆ ಹಾಕೋಕೆ ಅವರಿಗೆ ಎಂತ ಕಷ್ಟ" ಅಂತ ಈಗಲೂ ಬೈತಾರೆ.

ಕೊಪ್ಪದವಳು

ನಾನು ಕೆಲವು ವರ್ಷ ಬ್ಯೂನಸ್ ಐರಿಸ್‌ನಲ್ಲಿ ಇದ್ದೆ. ನಾನೂ ದನ ತಿನ್ನುವುದಿಲ್ಲ, ಉಳಿದದ್ದೆಲ್ಲ ತಿನ್ನುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆ ನನ್ನದೇ.

ಮೊದಲು ಮಾಡಬೇಕಾದ್ದು: ಇವತ್ತೇ ಅವರಿಗೆ ಮೇಲ್ ಹಾಕಿ. ಟೇಬಲಿಗೆ ಕೂತ ಮೇಲೆ ಹೇಳಬೇಡಿ. ಅಲ್ಲಿ ಊಟ ಹಂಚಿಕೊಂಡು ತಿನ್ನುವಂಥದ್ದು. ಕರೆದವರು ಇಡೀ ಟೇಬಲಿಗೆ ಲೆಕ್ಕ ಹಾಕಿ ಹೇಳಿರುತ್ತಾರೆ. ಕೆಲವು ತುಂಡು ಕೆಂಡದ ಮೇಲೆ ಒಂದು ಗಂಟೆಗೂ ಜಾಸ್ತಿ ಇರುತ್ತವೆ, ನೀವು ಬಾಗಿಲು ದಾಟುವ ಮೊದಲೇ ಅವು ಗ್ರಿಲ್ ಮೇಲೆ ಇರುತ್ತವೆ. ನಮ್ಮ ಆಫೀಸಿಗೆ ಬಂದ ಒಬ್ಬ ಹುಡುಗ ಸಂಕೋಚಕ್ಕೆ ಬಾಯಿ ಬಿಡದೆ ತಟ್ಟೆಯಲ್ಲಿದ್ದದ್ದನ್ನು ಆಚೆ ಈಚೆ ತಳ್ಳುತ್ತಾ ಕೂತಿದ್ದ. ಕರೆದವರಿಗೆ ಈ ತುಂಡು ಚೆನ್ನಾಗಿಲ್ಲವೇನೋ ಅನ್ನಿಸಿತು. ಅದಕ್ಕಿಂತ ದುಬಾರಿಯದ್ದು ತರಿಸಿದರು. ಆಮೇಲೆ ಇನ್ನೊಂದು.

ಮೊದಲೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವರ್ಷಕ್ಕೆ ತಲಾ 50 ಕೆಜಿ ಆಸುಪಾಸು ದನದ ಮಾಂಸ ತಿನ್ನುವ ದೇಶ ಅದು. ತಿನ್ನದವರನ್ನು ಕಂಡರೆ ಅವರಿಗೆ ಸಿಟ್ಟಿಗಿಂತ ಕುತೂಹಲ ಜಾಸ್ತಿ. ಪ್ರಶ್ನೆ ಕೇಳುತ್ತಾರೆ. "ನಮ್ಮ ಮನೆಯ ರೂಢಿ" ಅಂತ ಎರಡು ಮಾತಲ್ಲಿ ಮುಗಿಸಿ. ಗೋಮಾತೆ ಮೇಲೆ ಭಾಷಣ ಬೇಡ, ಊಟಕ್ಕೆ ಕೂತಿದ್ದೀರಿ. ಬದಲಿಗೆ ಅವರ ಅಜ್ಜ ಅಜ್ಜಿ ಇಟಲಿಯ ಯಾವ ಊರಿಂದ ಬಂದವರು ಅಂತ ಕೇಳಿ. ಬಹಳ ಮನೆಗಳಲ್ಲಿ ಒಂದು ಇಟಲಿಯ ಕಥೆ ಇರುತ್ತದೆ, ಅರ್ಧ ಗಂಟೆ ನಿಮಗೆ ಮಾತಾಡುವ ಕೆಲಸ ಇಲ್ಲ.

ಈಗ ತಿನ್ನುವ ವಿಷಯ. ನೀವು ಹೋಗುತ್ತಿರುವುದು ಕೊರ್ದೊಬಾಕ್ಕೆ, ಅದು ನಿಮ್ಮ ಅದೃಷ್ಟ. ಆ ಪ್ರಾಂತ್ಯದ ಉತ್ತರ ಭಾಗ ಒಣ ನಾಡು, ಮುಳ್ಳು ಗಿಡ, ಆಡು ಸಾಕುವವರು ಜಾಸ್ತಿ. ಕಿಲೀನೊ ಅನ್ನುವ ಊರಲ್ಲಿ ಆಡಿನ ಮರಿಯ ಹೆಸರಲ್ಲೇ ರಾಷ್ಟ್ರೀಯ ಹಬ್ಬ ನಡೆಯುತ್ತದೆ. ಕಬ್ರೀತೊ ಅಂತ ಕೇಳಿ. ಇನ್ನೂ ಹಾಲು ಕುಡಿಯುವ ಮರಿ. ಎದೆ ಸೀಳಿ ಚಪ್ಪಟೆ ಮಾಡಿ ಗ್ರಿಲ್ ಮೇಲೆ ಹರಡುತ್ತಾರೆ. ಇಲ್ಲಾ ಕಬ್ಬಿಣದ ಶಿಲುಬೆಗೆ ಕಟ್ಟಿ ಬೆಂಕಿಯ ಪಕ್ಕ ಓರೆಯಾಗಿ ನಿಲ್ಲಿಸುತ್ತಾರೆ. ಉಪ್ಪು ನೀರು ಚಿಮುಕಿಸುತ್ತಾ ಎರಡು ಗಂಟೆ. ಚರ್ಮದ ಬದಿ ಗರಿಗರಿ, ಮೂಳೆ ಕೈಯಲ್ಲೇ ಬಿಟ್ಟು ಬರುತ್ತದೆ. ಎಲ್ಲ ಹೋಟೆಲಲ್ಲೂ ದಿನಾ ಇರುವುದಿಲ್ಲ. ಅದಕ್ಕೇ ಮೊದಲೇ ಹೇಳಿ ಅಂದದ್ದು.

ಅದು ಸಿಗದಿದ್ದರೆ ಪಟಗೋನಿಯಾದ ಕುರಿಮರಿ, ಅದನ್ನು ಕೊರ್ದೇರೊ ಅಂತಾರೆ. ಹಂದಿಯಲ್ಲಿ ಎರಡು ಒಳ್ಳೆಯವು. ಬೊಂದಿಯೋಲಾ ಅಂದರೆ ಕುತ್ತಿಗೆ ಹತ್ತಿರದ್ದು, ಕೊಬ್ಬು ಸೇರಿ ಮೆತ್ತಗಿರುತ್ತದೆ. ಮತಾಂಬ್ರೀತೊ ದೆ ಸೆರ್ದೊ ಅಂದರೆ ಚರ್ಮಕ್ಕೂ ಪಕ್ಕೆಲುಬಿಗೂ ನಡುವಿನ ತೆಳ್ಳನೆ ಹಾಳೆ. ಮೇಲೆ ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ನನ್ನ ಕೇಳಿದರೆ ಇಡೀ ಮೆನುವಿನಲ್ಲಿ ಅದಕ್ಕೇ ಮೊದಲ ಮಾರ್ಕು. ಕೋಳಿ ತಗೊಂಡು ಹೊಟ್ಟೆ ಹಾಳು ಮಾಡಿಕೊಳ್ಳಬೇಡಿ. ಕೆಟ್ಟದ್ದೇನಲ್ಲ, ಆದರೆ ಅಷ್ಟು ದೂರ ಹೋಗಿ ಕೋಳಿಯಾ?

ಎಚ್ಚರ ಬೇಕಾದ್ದು ಕಣ್ಣಿಗೆ ಕಾಣದ ದನದ್ದು. ಚೊರೀಸೊ ಸಾಸೇಜು ಹಂದಿಯದ್ದು ಅಂದುಕೊಳ್ಳುತ್ತೇವೆ. ಅಲ್ಲಿ ಸಾಮಾನ್ಯವಾಗಿ ಹಂದಿ, ದನ ಎರಡೂ ಬೆರೆಸಿರುತ್ತಾರೆ. ಬರೀ ಹಂದಿಯದ್ದೂ ಸಿಗುತ್ತದೆ, "ಪೂರೊ ಸೆರ್ದೊ" ಅಂತ ಕೇಳಬೇಕು. ಎಂಪನಾದಾ ಅಂತ ಕಡುಬಿನ ಆಕಾರದ್ದು ಮೊದಲು ಬರುತ್ತದೆ. ಒಳಗೆ ಜೋಳ, ಪಾಲಕ್, ಈರುಳ್ಳಿ ಚೀಸ್ ಇರುವುದೂ ಉಂಟು. ಆದರೆ ಹೊರಗಿನ ಹಿಟ್ಟಿಗೆ ದನದ ಕೊಬ್ಬು ಹಾಕಿರಬಹುದು. ಬೆಳಿಗ್ಗೆ ಕಾಫಿ ಜೊತೆ ಕೊಡುವ ಅರ್ಧಚಂದ್ರದ ಬನ್ನಿನಲ್ಲಿ ಎರಡು ಬಗೆ: ಬೆಣ್ಣೆಯದ್ದು "ದೆ ಮಾಂತೇಕಾ", ಕೊಬ್ಬಿನದ್ದು "ದೆ ಗ್ರಾಸಾ". ಕೊಬ್ಬಿನದ್ದು ತೆಳ್ಳಗೆ, ಸ್ವಲ್ಪ ಉಪ್ಪುಪ್ಪು. ಬೆಣ್ಣೆಯದ್ದು ದಪ್ಪ, ಸಿಹಿ. ನೋಡಿದರೇ ಗೊತ್ತಾಗುತ್ತದೆ. ಮಾತೆ ಅಂತ ಅವರು ಚಹಾದ ಹಾಗೆ ಕುಡಿಯುವ ಎಲೆ ಕಷಾಯದ ಜೊತೆ ಕೊಡುವ ಚಿಕ್ಕ ಖಾರಾ ಬಿಸ್ಕತ್ತಿನಲ್ಲೂ ಅದೇ ಕೊಬ್ಬು.

ಆಗುಂಬೆಯವರೆ, ಭಾವನವರಿಗೆ ಚಿಮಿಚುರ್ರಿ ಕೊಡಲಿಲ್ಲವಾ? ಪಾರ್ಸ್ಲಿ, ಓರೆಗಾನೊ, ಬೆಳ್ಳುಳ್ಳಿ, ಕುಟ್ಟಿದ ಕೆಂಪು ಮೆಣಸು, ವಿನೆಗರ್, ಎಣ್ಣೆ. ಟೇಬಲ್ ಮೇಲೆ ಇರುತ್ತದೆ. ಖಾರ ಅಷ್ಟಕ್ಕಷ್ಟೇ, ನಿಜ. ಆದರೂ ಗ್ರಿಲ್ ಮಾಡುವವನ ಎದುರು ಖಾರದ ಪುಡಿ ಪೊಟ್ಟಣ ಬಿಚ್ಚಬೇಡಿ. ಬಿಚ್ಚುವುದಾದರೆ ಹೋಟೆಲ್ ರೂಮಿನಲ್ಲಿ.

ಸಾಗರದ ಸಸ್ಯಾಹಾರಿ

ಕ್ವಾಲಿಟಿಯವರ ಪರವಾಗಿ ನಾನು ಮಾತಾಡುತ್ತೇನೆ, ನಾನೂ ಮೊಟ್ಟೆ ತಿನ್ನದವನು. ಕೆಲಸದ ಮೇಲೆ ಆ ಕಡೆ ಹೋಗಿ ಬಂದಿದ್ದೇನೆ.

"ಸಿನ್ ಕಾರ್ನೆ", ಮಾಂಸ ಬೇಡ, ಅಂದರೆ ಸಾಲದು. ಅಲ್ಲಿ ಕಾರ್ನೆ ಅಂದರೆ ದನ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ನಗುನಗುತ್ತಾ ಹ್ಯಾಮ್ ಹಾಕಿದ ಸಲಾಡ್ ತಂದಿಡುತ್ತಾರೆ. ಒಂದೊಂದನ್ನೇ ಹೆಸರು ಹಿಡಿದು ಬೇಡ ಅನ್ನಬೇಕು: ಕಾರ್ನೆ, ಪೋಶೊ, ಪೆಸ್ಕಾದೊ, ಹಾಮೋನ್, ಊಯೆವೊ. ದನ, ಕೋಳಿ, ಮೀನು, ಹ್ಯಾಮ್, ಮೊಟ್ಟೆ. ಚೀಟಿಯಲ್ಲಿ ಬರೆಸಿ ಜೇಬಲ್ಲಿ ಇಟ್ಟುಕೊಳ್ಳಿ.

ಗ್ರಿಲ್ ಹೋಟೆಲಲ್ಲಿ ನಮಗೆ ಇರುವುದು ಪ್ರೊವೊಲೇತಾ. ದಪ್ಪ ಬಿಲ್ಲೆ ಚೀಸು, ಮೇಲೆ ಓರೆಗಾನೊ, ಕೆಂಡದ ಮೇಲೆ ಇಟ್ಟು ಹೊರಗೆ ಗಟ್ಟಿ ಒಳಗೆ ಕರಗಿದ ಹಾಗೆ ಮಾಡುತ್ತಾರೆ. ಬಿಸಿ ಇರುವಾಗಲೇ ಬ್ರೆಡ್ ಜೊತೆ ತಿನ್ನಬೇಕು, ಆರಿದರೆ ರಬ್ಬರು. ಚೀಸ್ ಮಾಡಲು ಹಾಲು ಒಡೆಸುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು, ಅದನ್ನು ನೋಡುವವರಾದರೆ ಬಿಡಬೇಕು. ನಾನು ಕೇಳಲು ಹೋಗಲಿಲ್ಲ.

ಬದನೆ, ಕ್ಯಾಪ್ಸಿಕಂ, ಕುಂಬಳ, ಆಲೂಗಡ್ಡೆ ಸುಟ್ಟು ಕೊಡುತ್ತಾರೆ. ಅದೇ ಸರಳುಗಳ ಮೇಲೆ ಬೇಡ ಅನ್ನುವವರು "ಆ ಲಾ ಪ್ಲಾಂಚಾ" ಅಂತ ಕೇಳಿ, ಬೇರೆ ಕಾವಲಿ. ಆ ಕಾವಲಿಯನ್ನು ತೊಳೆದಿರುತ್ತಾರಾ ಅಂತ ಯೋಚಿಸಿದರೆ ಉಪವಾಸವೇ ಗತಿ. ಹೋಟೆಲಲ್ಲಿ ಪಾಸ್ತಾ ಇರುತ್ತದೆ. ತಾಜಾ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಇರುತ್ತದೆ, ಒಣ ಪಾಸ್ತಾ ಕೇಳಿ. ಪ್ರತಿ ತಿಂಗಳ 29ಕ್ಕೆ ನ್ಯೋಕಿ ತಿನ್ನುವ ಪದ್ಧತಿ ಅವರದ್ದು, ತಟ್ಟೆ ಕೆಳಗೆ ದುಡ್ಡು ಇಟ್ಟುಕೊಂಡು. ಆಲೂಗಡ್ಡೆ ಉಂಡೆ. ಅದಕ್ಕೂ ಮೊಟ್ಟೆ ಹಾಕುವವರಿದ್ದಾರೆ, ಕೇಳಿಕೊಳ್ಳಿ.

ನನ್ನನ್ನು ಉಳಿಸಿದ್ದು ಪಿಜ್ಜಾ ಅಂಗಡಿ. ಅಲ್ಲಿ ಫೈನಾ ಅಂತ ಸಿಗುತ್ತದೆ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಮೇಲೆ ಕಾಳುಮೆಣಸು. ಅಷ್ಟೇ. ಅದನ್ನು ಪಿಜ್ಜಾ ಮೇಲೆ ಇಟ್ಟು ತಿನ್ನುತ್ತಾರೆ. ನಾನು ಪಿಜ್ಜಾ ಬಿಟ್ಟು ಅದನ್ನೇ ತಿಂದೆ, ಅಂಗಡಿಯವನು ವಿಚಿತ್ರವಾಗಿ ನೋಡಿದ.

ಚಟ್ನಿಪುಡಿ, ಹುರಿದ ಅವಲಕ್ಕಿ ಪ್ಯಾಕ್ ಮಾಡಿಸಿಕೊಂಡು ಹೋಗಿ. ಹಣ್ಣು, ಹಸಿ ತರಕಾರಿ ಮಾತ್ರ ಬೇಡ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಮಾಚೇನಹಳ್ಳಿ ಮೌಲ್ಡರ್

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಲ್ ಹಾಕಿಬಿಟ್ಟೆ. ಚೀಟಿಯನ್ನು ಕ್ವಾಲಿಟಿಯವರಿಗೆ ಕಳಿಸಿದೆ. ಲ್ಯಾಬಿನಲ್ಲಿ ಕೂತು "ನಿ ಪೋಶೊ, ನಿ ಹಾಮೋನ್" ಅಂತ ಬಾಯಿಪಾಠ ಮಾಡುತ್ತಿದ್ದಾರೆ. ಪಕ್ಕದವರು ಹೊಸ ಮಂತ್ರ ಅಂದುಕೊಂಡಿದ್ದಾರೆ.

ಎರಡು ಅನುಮಾನ. ಊಟ ಒಂಬತ್ತೂವರೆಗೆ ಅಂತ ಬರೆದಿದ್ದಾರೆ. ತಪ್ಪಿ ಬರೆದದ್ದಾ? ನಾವು ಅಷ್ಟು ಹೊತ್ತಿಗೆ ಮಲಗುವವರು. ಆಮೇಲೆ ಬಿಲ್ಲು, ಟಿಪ್ಸು ಹೇಗೆ? ಕುಡಿಯಲು ಒತ್ತಾಯ ಮಾಡುತ್ತಾರಾ? ಚಕ್ರದ ವಿಷಯ ಯಾರೂ ಹೇಳಲಿಲ್ಲ.

ಕೊಪ್ಪದವಳು

ಒಂಬತ್ತೂವರೆ ಸರಿಯಾಗೇ ಇದೆ. ಎಂಟಕ್ಕೆ ಹೋದರೆ ಮಾಣಿಗಳು ಇನ್ನೂ ಟೇಬಲ್ ಒರೆಸುತ್ತಿರುತ್ತಾರೆ. ಸಂಜೆ ಐದಾರು ಗಂಟೆಗೆ ಅವರೂ ಒಂದು ಸುತ್ತು ಕಾಫಿ ತಿಂಡಿ ಮಾಡಿರುತ್ತಾರೆ, ನೀವೂ ಮಾಡಿ. ನಮಗೂ ಅವರಿಗೂ ಎಂಟೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ನಿಮ್ಮ ದೇಹಕ್ಕೆ ಬೆಳಿಗ್ಗೆ ಆರು. ಮೊದಲ ದಿನ ತೂಕಡಿಸುವುದು ಖಂಡಿತ.

ಕರೆದವರೇ ಬಿಲ್ ಕೊಡುತ್ತಾರೆ. ನೀವೇ ಹೋದಾಗ ಬಿಲ್ಲಿನಲ್ಲಿ "ಕುಬಿಯೆರ್ತೊ" ಅಂತ ಒಂದು ಸಾಲು ಇದ್ದರೆ ಗಾಬರಿ ಬೇಡ. ಬ್ರೆಡ್ಡು, ಟೇಬಲಿನ ಚಾರ್ಜು, ತಲೆಗೆ ಇಷ್ಟು ಅಂತ. ಅದು ಟಿಪ್ಸ್ ಅಲ್ಲ. ಟಿಪ್ಸ್ ನೂರಕ್ಕೆ ಹತ್ತು, ನಗದಾಗಿ ಕೊಟ್ಟರೆ ಒಳ್ಳೆಯದು. ಬೆಲೆ ಎಷ್ಟು ಅಂತ ಮಾತ್ರ ನನ್ನ ಕೇಳಬೇಡಿ. ಅಲ್ಲಿನ ಬೆಲೆ ಏರುವ ವೇಗಕ್ಕೆ ನಾನು ಹೇಳುವ ಲೆಕ್ಕ ಹಳಸಿರುತ್ತದೆ.

ಕುಡಿಯಲು ಒತ್ತಾಯ ಇಲ್ಲ. ವೈನು ಮಾಲ್ಬೆಕ್, ಮೆಂದೋಸಾ ಕಡೆಯದ್ದು. ಆದರೆ ಕೊರ್ದೊಬಾದವರ ಪ್ರಾಣ ಫೆರ್ನೆತ್ ಅನ್ನುವ ಮದ್ಯ, ಅದಕ್ಕೆ ಕೋಲಾ ಬೆರೆಸಿ ಕುಡಿಯುತ್ತಾರೆ. ಕಪ್ಪಗೆ, ಅಮೃತಬಳ್ಳಿ ಕಷಾಯದಷ್ಟು ಕಹಿ. ಒಂದು ಗುಟುಕು ಕುಡಿದು ಮುಖ ಕಿವುಚಿದರೆ ಅವರಿಗೆ ಖುಷಿ. ಬೇಡದಿದ್ದರೆ ಸೋಡಾ ಅನ್ನಿ. ಊಟ ಆದ ಕೂಡಲೇ ಏಳಬೇಡಿ, ಮಾತು ಶುರುವಾಗುವುದೇ ಆಮೇಲೆ. ಫುಟ್‌ಬಾಲ್ ಬಂದರೆ ಅಲ್ಲಿ ಟಾಶೆರೆಸ್, ಬೆಲ್ಗ್ರಾನೊ ಅಂತ ಎರಡು ಪಾರ್ಟಿ. ಯಾರ ಕಡೆ ಅಂತ ಕೇಳಿದರೆ ಬಾಯಿ ಮುಚ್ಚಿಕೊಂಡು ನಗಿ.

ಕೊನೆಗೆ ಸಿಹಿ. ಹಾಲು ಸಕ್ಕರೆ ಕಾಯಿಸಿ ಕಾಯಿಸಿ ಕಂದು ಮಾಡಿದ ದುಲ್ಸೆ ದೆ ಲೆಚೆ ಎಲ್ಲದರ ಮೇಲೂ ಇರುತ್ತದೆ. ಫ್ಲಾನ್ ಅನ್ನುವ ಪುಡ್ಡಿಂಗಿನಲ್ಲಿ ಮೊಟ್ಟೆ ಇದೆ, ಕ್ವಾಲಿಟಿಯವರಿಗೆ ಆಗಲ್ಲ. ಹಳ್ಳಿ ಚೀಸಿನ ಜೊತೆ ಸಿಹಿಗೆಣಸಿನ ಗಟ್ಟಿ ಹಲ್ವ ಕೊಡುತ್ತಾರೆ, ಅದು ಆಗುತ್ತದೆ.

ಬೆಂಕಿ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಉರಿಯ ಮೇಲೆ ಯಾರೂ ಮಾಂಸ ಇಡುವುದಿಲ್ಲ. ಪಕ್ಕದಲ್ಲಿ ಸೌದೆ ಉರಿದು ಕೆಂಡ ಬೀಳುತ್ತದೆ, ಆ ಕೆಂಡವನ್ನು ಎಳೆದು ಕೆಳಗೆ ಹರಡುತ್ತಾರೆ. ಮಿಕ್ಕದ್ದು ಗೊತ್ತಿರುವವರು ಹೇಳಲಿ.

ಗಾಜನೂರು ಗ್ಯಾಸ್ ಕಟ್ಟರ್

ನಾನು ಹೇಳುತ್ತೇನೆ. ಫ್ಯಾಬ್ರಿಕೇಶನ್ ಅಂಗಡಿ ನನ್ನದು. ಗೇಟು, ಅಡಿಕೆ ಬೇಯಿಸುವ ಹಂಡೆಯ ಸ್ಟ್ಯಾಂಡು ಮಾಡುತ್ತಿದ್ದವನಿಗೆ ಒಬ್ಬ ಹೋಂಸ್ಟೇಯವರು ಫೋಟೋ ತೋರಿಸಿ ಇಂಥದ್ದೇ ಬೇಕು ಅಂದರು. ಅವರಿಗೊಂದು ಮಾಡಿ, ಮನೆಗೂ ಒಂದು ಮಾಡಿಕೊಂಡೆ.

ಚಕ್ರ ತಿರುಗಿಸಿದರೆ ಅಡ್ಡ ಶಾಫ್ಟಿಗೆ ಸರಪಳಿ ಸುತ್ತಿಕೊಳ್ಳುತ್ತದೆ, ಇಡೀ ಗ್ರಿಲ್ ಮೇಲೆ ಕೆಳಗೆ ಹೋಗುತ್ತದೆ. ಕೆಂಡವನ್ನು ಜಾಸ್ತಿ ಕಡಿಮೆ ಮಾಡುವ ಬದಲು ಮಾಂಸವನ್ನೇ ದೂರ ಹತ್ತಿರ ಮಾಡುವುದು. ಎರಡೂ ಕಡೆ ಸರಪಳಿ ಒಂದೇ ಉದ್ದ ಇಲ್ಲದಿದ್ದರೆ ಗ್ರಿಲ್ ಓರೆಯಾಗುತ್ತದೆ, ಅಲ್ಲೇ ಸ್ವಲ್ಪ ತಾಳ್ಮೆ ಬೇಕು. ಶಾಫ್ಟಿಗೆ ಒಂದು ಹಲ್ಲಿನ ಚಕ್ರ, ಒಂದು ಕೊಕ್ಕೆ ಇಡಿ. ಇಲ್ಲದಿದ್ದರೆ ಕೈ ಬಿಟ್ಟ ಕೂಡಲೇ ಎಲ್ಲ ಕೆಂಡದೊಳಗೆ.

ಸರಳುಗಳು ದುಂಡಗಿರುವುದಿಲ್ಲ, V ಆಕಾರ. ಹಿಂದೆ ಎತ್ತರ, ಮುಂದೆ ತಗ್ಗು. ಕೊಬ್ಬು ಕರಗಿ ಆ ಕಾಲುವೆಯಲ್ಲಿ ಹರಿದು ಮುಂದಿನ ತಟ್ಟೆಗೆ ಬೀಳುತ್ತದೆ. ಕೆಂಡದ ಮೇಲೆ ಬಿದ್ದರೆ ಉರಿ ಎದ್ದು ಹೊಗೆ ಕಟ್ಟುತ್ತದೆ, ಅದು ಅವರಿಗೆ ಬೇಡ. ನಾನು ಮಾಮೂಲಿ L ಆಕಾರದ ಕಬ್ಬಿಣದ ಆಂಗಲನ್ನೇ ಮಗುಚಿ ಹಾಕಿದೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ, ಮಾತ್ರ ಯಾವತ್ತೂ ಬೇಡ, ಬಿಸಿಗೆ ಸತುವಿನ ಹೊಗೆ ಬರುತ್ತದೆ. ನಿಮಗೆ ಹೇಳಬೇಕಾಗಿಲ್ಲ, ಓದುವ ಬೇರೆಯವರಿಗೆ ಹೇಳಿದೆ.

ಸೌದೆ ಅವರದ್ದು ಕೆಬ್ರಾಚೊ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ, ಹಿಂದೆ ರೈಲು ಹಳಿಗೆ ಅಡಿಮರವಾಗಿ ಹಾಕುತ್ತಿದ್ದರು. ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ನಾನು ಗಟ್ಟಿ ಮರದ ಇದ್ದಿಲು ಬಳಸುತ್ತೇನೆ. ತೆಂಗಿನ ಚಿಪ್ಪು ಭಗ್ ಅಂತ ಉರಿದು ಹೋಗುತ್ತದೆ, ಹತ್ತಿಸಲು ಸರಿ, ಬೇಯಿಸಲು ಅಲ್ಲ. ಗ್ರಿಲ್ ಮಟ್ಟದಲ್ಲಿ ಅಂಗೈ ಹಿಡಿದು ಏಳೆಂಟು ಎಣಿಸುವವರೆಗೆ ತಡೆಯುವಂತಿದ್ದರೆ ನಿಧಾನ ಬೇಯಿಸಲು ಸರಿಯಾದ ಬಿಸಿ.

ಮಟನ್ ಅಂಗಡಿಯಲ್ಲಿ ಪಕ್ಕೆಯನ್ನು ಕಡಿಯದೆ ಇಡೀ ಹಾಳೆ ಕೊಡಿ ಅಂತ ಮೊದಲೇ ಹೇಳಿ. ಮಾಮೂಲಾಗಿ ಕೇಳಿದರೆ ಸಾರಿನ ತುಂಡು ಮಾಡಿಬಿಡುತ್ತಾರೆ. ಮೂಳೆ ಬದಿ ಕೆಳಗೆ, ಮುಕ್ಕಾಲು ಸಮಯ ಹಾಗೇ ಬಿಡಿ, ಕೊನೆಗೆ ಒಮ್ಮೆ ಮಗುಚಿ. ಬೆಳ್ಳುಳ್ಳಿ ಜಜ್ಜಿ ಹಾಕಿದ ಉಪ್ಪು ನೀರು ಆಗಾಗ ಸವರಿ. ಬಲಿತ ಹೋತದ ಮಾಂಸ ಇದಕ್ಕೆ ಆಗಲ್ಲ, ನಾರು. ಎಳೆಯದ್ದೇ ಬೇಕು.

ಆಗುಂಬೆ ಮಳೆ

ಬರೀ ಉಪ್ಪು ನೀರು? ಕಾಳುಮೆಣಸು ಬೆಳೆಯುವ ಊರಲ್ಲಿ ಕೂತುಕೊಂಡು?

ಗಾಜನೂರು ಗ್ಯಾಸ್ ಕಟ್ಟರ್

ಮಸಾಲೆ ಹಚ್ಚಿ ಎರಡು ಗಂಟೆ ಕೆಂಡದ ಮೇಲೆ ಇಟ್ಟರೆ ಮಸಾಲೆ ಸುಟ್ಟು ಕಹಿಯಾಗುತ್ತದೆ ಸ್ವಾಮಿ. ಇಳಿಸಿದ ಮೇಲೆ ಎಷ್ಟು ಬೇಕಾದರೂ ಮೆಣಸು ಹಾಕಿಕೊಳ್ಳಿ, ಯಾರು ಬೇಡ ಅಂದರು. ನಮ್ಮ ಮನೆಯಲ್ಲಿ ಸೂಜಿಮೆಣಸಿನ ಚಟ್ನಿ ಮಾಡುತ್ತಾರೆ. ಅದು ಅರ್ಜೆಂಟೀನಾದ್ದಲ್ಲ, ಆದರೆ ಒಳ್ಳೆಯದಿರುತ್ತದೆ.

ಮಾಚೇನಹಳ್ಳಿ ಮೌಲ್ಡರ್

ಉತ್ತರ ಬಂತು! ಒಂದು ಚೂರೂ ಬೇಜಾರಿಲ್ಲ. ಹೋಟೆಲಲ್ಲಿ ನನಗೆ ಹಂದಿಯ ಮತಾಂಬ್ರೀತೊ, ಕ್ವಾಲಿಟಿಯವರಿಗೆ ಪ್ರೊವೊಲೇತಾ ಮತ್ತು ಬೇರೆ ಕಾವಲಿಯ ತರಕಾರಿ ಅಂತ ಹೇಳಿಟ್ಟಿದ್ದಾರಂತೆ. ಕಬ್ರೀತೊ ಆ ಹೋಟೆಲಲ್ಲಿ ಇಲ್ಲ. ಭಾನುವಾರ ತಮ್ಮ ಮನೆಯಲ್ಲೇ ಮಾಡುತ್ತೇವೆ, ಬೆಳಿಗ್ಗೆ ಹತ್ತಕ್ಕೆ ಬಂದು ಬೆಂಕಿ ಹಾಕುವುದರಿಂದಲೇ ನೋಡಿ ಅಂದಿದ್ದಾರೆ. ಗಾಜನೂರಿನವರೆ, ಅಲ್ಲಿಂದ ಏನೇನು ಅಳತೆ ತರಲಿ? ಸರಳಿನ ಅಂತರ, ಇಳಿಜಾರು, ಮತ್ತೇನು?

ಗಾಜನೂರು ಗ್ಯಾಸ್ ಕಟ್ಟರ್

ಶಾಫ್ಟಿನ ದಪ್ಪ ಬೇಕು. ಕೆಂಡದ ಪೆಟ್ಟಿಗೆ ಗ್ರಿಲ್‌ನಿಂದ ಎಷ್ಟು ದೂರ ಇದೆ ನೋಡಿ. ನೆಲಕ್ಕೆ ಯಾವ ಇಟ್ಟಿಗೆ ಹಾಕಿದ್ದಾರೆ ಅಂತ ಕೇಳಿ, ನನ್ನದು ಎರಡು ಸಲ ಬಿರುಕು ಬಿಟ್ಟಿದೆ. ನಿಮ್ಮ ಫೌಂಡ್ರಿಯಲ್ಲಿ ಹಳೆ ಫೈರ್‌ಬ್ರಿಕ್ ಇದ್ದರೆ ಹೋಗುವ ಮೊದಲೇ ಹೇಳಿ, ಲಗೇಜ್ ಆಟೋ ಕಳಿಸುತ್ತೇನೆ.